ಕುಂಕುಮ ತೊಳೆದ ಪಟವಾರಿ

ನಾನು ಓದು ಬಿಟ್ಟದ್ದು ನಿಜಾಮ ಸರಕಾರದ ಫಸ್ಲಿ ಲೆಕ್ಕದಲ್ಲಿ ಸಾವಿರದ ಮುನ್ನೂರ ಇಪ್ಪತ್ತೊಂದರಲ್ಲಿ. ಐಗಳ ಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸುತ್ತ ಒತ್ತಕ್ಷರದ ತನಕ ಬಂದಿದ್ದೆ. ಆ ವರ್ಷ ಅಪ್ಪನ ಸೊಂಟದ ಮೇಲೆ ಗಾಡಿಯ ಗಾಲಿ ಹಾಯಿತು. ಕುರಿಗೆ ಅಣ್ಣ, ಗಾಡಿಗೆ ನಾನು ಎಂದು ಮನೆಯಲ್ಲಿ ತೀರ್ಮಾನವಾಯಿತು. ಐಗಳು ಬಾಗಿಲ ತನಕ ಬಂದು, "ಹುಡುಗ ಶ್ಯಾಣ್ಯಾ ಅದಾನ, ಕಳಸ್ರವ್ವಾ" ಎಂದರು. ಅವ್ವ ಅವರ ಜೋಳಿಗೆಗೆ ಜೋಳ ಹಾಕಿ ಕೈ ಮುಗಿದಳು. ಅಲ್ಲಿಗೆ ನನ್ನ ಓದು ಮುಗಿಯಿತು. ಅಂದಿನಿಂದ ತಾಂಡೂರಿನ ಖಣಿಗಳಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರುತ್ತಿದ್ದೇನೆ. ಜಹೀರಾಬಾದು, ನಾರಾಯಣಖೇಡ, ರಾಯಿಕೋಡು, ಎಲ್ಲ ಕಡೆ ದೊಡ್ಡವರ ಮನೆಯ ಪಡಸಾಲೆಯಲ್ಲಿ ನಾನು ತಂದ ಕಲ್ಲಿನ ಮೇಲೆ ಜನ ಬರಿಗಾಲಲ್ಲಿ ಓಡಾಡುತ್ತಾರೆ. ನನ್ನ ಗಾಡಿಯಲ್ಲಿ ಬಂದ ಫರಸಿ ಒಡೆದಿತ್ತು ಎಂದು ಹೇಳಿದ ಮನುಷ್ಯ ಇವತ್ತಿಗೂ ಇಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಬರೆಯುವುದು ನನ್ನ ಕಸುಬಲ್ಲ. ಆದರೂ ಒಬ್ಬರ ಬಗ್ಗೆ ಬರೆಯಬೇಕಾಗಿದೆ, ಏಕೆಂದರೆ ಬೇರೆ ಯಾರೂ ಬರೆಯುವುದಿಲ್ಲ.

ಈ ಸಲ ಶಿವರಾತ್ರಿಯ ಹಿಂದೆ ಮುಂದೆ ಜಹೀರಾಬಾದಿಗೆ ಕಲ್ಲು ಇಳಿಸಲು ಹೋಗಿದ್ದೆ. ಸ್ಟೇಶನ್ನಿನ ಎದುರಿನ ಚಹಾದಂಗಡಿಯವನು ಬಸಿ ಮುಂದಿಡುತ್ತ, "ನಿಮ್ಮೂರ ಪಟವಾರಿ ಹೋದ್ರಲ್ಲೋ ಮಾಮಾ, ವಾರ ಆತು" ಎಂದ.

"ಯಾರು ಹೊತ್ರು?"

"ಹಮಾಲರು ಹೊತ್ರು. ಮತ್ತ್ಯಾರು ಬರ್ತಾರ? ಒಬ್ಬವ ಕೇಳ್ತಿದ್ದ, ಈ ಮುದುಕಗ ಊರು ಇಲ್ಲೇನು ಅಂತ."

ಊರಿತ್ತು. ರಾಯಿಕೋಡಿನಿಂದ ನಾರಾಯಣಖೇಡಕ್ಕೆ ಹೋಗುವ ಗಾಡಿದಾರಿಯ ಬದಿಗೆ ನಮ್ಮೂರು. ಆ ಊರಿನ ಪಟವಾರಿಕೆ, ಅಂದರೆ ಶಾನುಭೋಗಿಕೆ, ಅವರ ಮನೆತನದ್ದು. ಅವರ ಅಪ್ಪ, ಅಜ್ಜ, ಅಜ್ಜನ ಅಪ್ಪ, ಎಲ್ಲರೂ ಪಟವಾರಿಗಳೇ. ನಾವು ಅವರನ್ನು ರಾಯರು ಎನ್ನುತ್ತಿದ್ದೆವು.

ಮನುಷ್ಯ ಎತ್ತರ, ತೆಳು. ನಡೆಯುವಾಗ ಮುಂದಕ್ಕೆ ಬಾಗಿ, ನೆಲದ ಮೇಲೆ ಏನೋ ಬರೆದಿದೆ ಎಂಬಂತೆ ನೋಡುತ್ತ ನಡೆಯುತ್ತಿದ್ದರು. ದನಿ ಮಾತ್ರ ಮೈಗೆ ಹೊಂದದಷ್ಟು ದೊಡ್ಡದು. ನಕ್ಕರೆ ಸಪ್ಪಳವೇ ಇಲ್ಲ, ಭುಜ ಕುಣಿಯುವುದನ್ನು ನೋಡಿ ನಗುತ್ತಿದ್ದಾರೆ ಎಂದು ತಿಳಿಯಬೇಕು. ಕಾಗದ ತಿರುವಲು ಎಂದೂ ಬೆರಳಿಗೆ ಉಗುಳು ಹಚ್ಚಲಿಲ್ಲ. ಒಂದು ಒದ್ದೆ ಅರಿವೆ ತುಂಡನ್ನು ಮಗ್ಗುಲಲ್ಲಿ ಇಟ್ಟುಕೊಂಡಿರುತ್ತಿದ್ದರು. "ಊರ ಕಾಗದಕ್ಕ ನನ್ನ ಎಂಜಲಾ ಯಾಕ?" ಎನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕವರನ್ನು ನಾವೆಲ್ಲ ಊಟ ಆತೇನು ಎಂದು ಕೇಳಿದರೆ, ಅವರು "ಏನರೆ ತಿಳೀತೇನು?" ಎಂದು ಕೇಳುತ್ತಿದ್ದರು. ಮೊದಮೊದಲು ಜನ ಗಾಬರಿಯಾಗುತ್ತಿದ್ದರು. ಆಮೇಲೆ ಹಿಂದಿನಿಂದ ಅಣಕಿಸುತ್ತಿದ್ದರು.

ನಮ್ಮ ಕಡೆ ಪಟವಾರಿಯ ದಫ್ತರ ಎಂದರೇನು ಎಂಬುದನ್ನು ಪಟ್ಟಣದವರಿಗೆ ಹೇಳಬೇಕು. ಯಾರ ಹೊಲ ಎಷ್ಟು, ದಾರಿ ಯಾವುದು, ಬಾವಿ ಯಾರದು, ಊರ ದನಕುರಿ ಮೇಯಲು ಸರಕಾರ ಬಿಟ್ಟ ಗಾಯರಾನ ಎಲ್ಲಿಂದ ಎಲ್ಲಿಯ ತನಕ, ಎಲ್ಲ ಬರೆದಿಟ್ಟ ಕಾಗದಗಳು ಅವು. ಸರಕಾರದ ಕಾಗದವಾದರೂ ಇರುವುದು ಪಟವಾರಿಯ ಮನೆಯಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿ, ದೇವರ ಖೋಲಿಯ ಅಟ್ಟದ ಮೇಲೆ. ದಸರೆಗೆ ಆ ಗಂಟನ್ನು ಇಳಿಸಿ ಅರಿಶಿಣ ಕುಂಕುಮ ಏರಿಸಿ, ಹೂವಿಟ್ಟು, ಕಾಯಿ ಒಡೆದು ಮತ್ತೆ ಏರಿಸುತ್ತಾರೆ. ಊರವರು ಅಂಗಳದಲ್ಲಿ ನಿಂತು ಕೈ ಮುಗಿಯುತ್ತಾರೆ. ಒಳಗೇನಿದೆ ಎಂದು ಕೇಳುವವರಿಲ್ಲ. ನನ್ನ ಅಪ್ಪ ಒಮ್ಮೆ, ಈ ರಾಯರ ಅಪ್ಪನ ಕಾಲದಲ್ಲಿ, ನಮ್ಮ ಹಟ್ಟಿಯ ಜಾಗದ ಮಾತು ಸ್ವಲ್ಪ ನೋಡಿ ಹೇಳ್ರಿ ಎಂದು ಅವರ ಬಾಗಿಲಲ್ಲಿ ಬೆಳಗಿನಿಂದ ಸಂಜೆಯ ತನಕ ಕುಳಿತಿದ್ದ. ಸಂಜೆ ಹಿರಿಯರು ಹೊರಗೆ ಬಂದು, "ಇವತ್ತ ದಿನಾ ಛಲೋ ಇಲ್ಲ" ಎಂದು ಹೇಳಿ ಒಳಗೆ ಹೋದರಂತೆ.

ತಮ್ಮ ಅಪ್ಪ ತೀರಿದ ಮೇಲೆ ಪಟವಾರಿಕೆ ಈ ರಾಯರ ಕೈಗೆ ಬಂತು. ಆ ದಸರೆಯಲ್ಲಿ ನಾನು ಊರಲ್ಲೇ ಇದ್ದೆ. ರಾಯರು ಗಂಟನ್ನು ಅಟ್ಟದಿಂದ ಇಳಿಸಿದವರು ದೇವರ ಮುಂದೆ ಇಡದೆ ಹೆಗಲ ಮೇಲೆ ಹೊತ್ತು ಹೊರಗೆ ನಡೆದರು. ಚಾವಡಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ಇಟ್ಟು ಬಿಚ್ಚತೊಡಗಿದರು. ಹೂ ಹಿಡಿದು ಬಂದಿದ್ದ ಮುದುಕಿಯೊಬ್ಬಳು ಎದೆ ಬಡಿದುಕೊಂಡಳು.

"ಅಯ್ಯಯ್ಯ, ಬಿಚ್ಚಬ್ಯಾಡ್ರಿ ನನ್ನಪ್ಪಾ! ಮಳಿ ಹೋಗ್ತದ!"

"ಮಳಿ ಮ್ಯಾಲಿಂದ ಬರ್ತದ ಯವ್ವಾ, ಇದರಾಗಿಂದಲ್ಲ" ಎಂದರು ರಾಯರು. "ಕುಂದರು. ಇದು ನಿಂದ. ಕೇಳು."

ಓದಿದರು. ಆ ದೊಡ್ಡ ದನಿ ಅದಕ್ಕೇ ಇತ್ತೇನೋ ಅನ್ನಿಸಿತು. ಮೊದಲ ವರ್ಷ ಜನಕ್ಕೆ ಬಯಲಾಟ ನೋಡಿದಷ್ಟು ಖುಷಿಯಾಯಿತು. ಎರಡನೆಯ ವರ್ಷ ಎಡವಟ್ಟಾಯಿತು. ದಸರೆಗೆ ಬಂದಿದ್ದ ಬೀಗರ ಮುಂದೆಯೇ ಒಬ್ಬಾತನ ಹೊಲದ ಲೆಕ್ಕ ಓದಿಬಿಟ್ಟರು. ಆತ ಹೆಣ್ಣು ತೋರಿಸುವಾಗ ಹೇಳಿದ್ದಕ್ಕೂ ಕಾಗದದಲ್ಲಿ ಇದ್ದುದಕ್ಕೂ ಬಹಳ ಅಂತರವಿತ್ತು. ಬೀಗರು ತಾಂಬೂಲವನ್ನು ಕಟ್ಟೆಯ ಮೇಲೆಯೇ ಇಟ್ಟು ಎದ್ದುಹೋದರು. ಆ ಹುಡುಗಿಯ ಅವ್ವ ರಾಯರ ಬಾಗಿಲಿಗೆ ಬಂದು ಮಣ್ಣು ತೂರಿ ಹೋದಳು.

ರಾಯರು ಆವತ್ತು ಉಣ್ಣಲಿಲ್ಲ ಎಂದು ಕೇಳಿದೆ. ಮರುವರ್ಷದಿಂದ ಅವರು ಒಬ್ಬೊಬ್ಬರ ಹೊಲದ ಮಾತು ಕಟ್ಟೆಯ ಮೇಲೆ ಎತ್ತಲಿಲ್ಲ. ತಮ್ಮ ಹೊಲದ ಬಗ್ಗೆ ಕೇಳಬೇಕಾದವರು ಮನೆಗೆ ಬರಬೇಕು, ಬಂದವರಿಗೆ ಆಗಲೇ ಓದಿ ಹೇಳುವುದು. ಕಟ್ಟೆಯ ಮೇಲೆ ಊರಿಗೆಲ್ಲ ಸೇರಿದ್ದು ಮಾತ್ರ. ಗಾಯರಾನ, ದಾರಿ, ಕೆರೆ, ಸುಡುಗಾಡು. ಆದರೆ ಜನಕ್ಕೆ ರುಚಿ ಇದ್ದದ್ದು ಒಬ್ಬೊಬ್ಬರ ಮಾತಿನಲ್ಲಿ. ಊರಿಗೆಲ್ಲ ಸೇರಿದ್ದನ್ನು ಕೇಳಲು ಯಾರು ಕೂತಾರು? ವರ್ಷ ವರ್ಷ ಕಟ್ಟೆ ಖಾಲಿಯಾಯಿತು. ಒಂದು ದಸರೆಯಲ್ಲಿ ನಾನು ಗಾಡಿ ಹೊಡೆದುಕೊಂಡು ಬರುವಾಗ ನೋಡಿದೆ, ರಾಯರು ಕೊರಳೆತ್ತಿ ಓದುತ್ತಿದ್ದಾರೆ, ಕೆಳಗೆ ಪೊಲೀಸ್ ಪಟೇಲರ ಕಿವುಡು ತಾಯಿಯೊಬ್ಬಳೇ ನೆರಳಿಗೆ ಕೂತು ತಲೆ ಆಡಿಸುತ್ತಿದ್ದಾಳೆ.

ನಾನು ಎತ್ತು ನಿಲ್ಲಿಸಿ ಇಳಿದೆ. "ಯಾರಿಗಿ ಓದಾಕ ಹತ್ತೀರಿ ರಾಯರ?"

"ಬಾ, ನಿನಗ" ಎಂದರು. ಭುಜ ಕುಣಿದವು.

ಅದಾದ ಕೆಲವು ದಿನಕ್ಕೆ, ತಾಂಡೂರಿಗೆ ಹೊರಟಿದ್ದ ನನ್ನ ಗಾಡಿಯನ್ನು ಊರ ಹೊರಗೆ ತಡೆದು ಹತ್ತಿದರು. ಯಾಕೆ ಬರುತ್ತೀರಿ ಎಂದರೆ, ಕಲ್ಲು ಕೊಳ್ಳಬೇಕು ಎಂದರು. ಮನೆಗೆ ಹಾಸುವುದಕ್ಕೆ ಎಂದುಕೊಂಡೆ. ಆ ದಾರಿಯಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಅದೊಂದೇ ಸಲ. ಹೆಂಡತಿ ಚೊಚ್ಚಲ ಬಾಣಂತನದಲ್ಲಿ ಹೋದದ್ದು, ಮತ್ತೆ ಹೆಣ್ಣು ಕೊಡಲು ಬಂದ ನೆಂಟರು ದಫ್ತರ ಬಿಚ್ಚಿದ ಸುದ್ದಿ ಕೇಳಿ ಹಿಂದೆ ಸರಿದದ್ದು, ಇವನ್ನೆಲ್ಲ ಬೇರೆ ಯಾರದೋ ಸಂಗತಿ ಎಂಬಂತೆ ಹೇಳಿ ಮುಗಿಸಿದರು. ಹರೆಯದಲ್ಲಿ ಅಳತೆಯ ಸಾಹೇಬನ ಕೈಕೆಳಗೆ ಕಾರಕೂನನಾಗಿದ್ದಾಗಿನ ಮಾತು ಬಂದಾಗ ಮಾತ್ರ ದನಿ ಏರಿತು.

"ಹೈದರಾಬಾದಿನ ಛಾಪಖಾನೆದಾಗ ಮುದ್ರಿಸಿದ ಪುಸ್ತಕ ಒಂದು ನೋಡಿದ್ನೋ. ನಮ್ಮ ಸೀಮಿ ಎಲ್ಲ ಅಳದು ಸಾಹೇಬ ಬರದ ವರದಿ. ಇಂಗ್ಲೀಷಿನ್ಯಾಗಿತ್ತು. ಅಲ್ಲಿದ್ದ ಒಬ್ಬ ಮುನ್ಶಿಗಿ ಕೈ ಕಾಲು ಹಿಡದು ಓದಿಸಿದೆ. ನಮ್ಮೂರಂದೂ ಇತ್ತು. ಎಷ್ಟು ಬಾವಿ, ಎಷ್ಟು ಸೀ ನೀರಿಂದು, ಎಷ್ಟು ಸಪ್ಪಂದು. ಯಾವ ಮಣ್ಣಿಗಿ ಏನು ಬೆಳೀತದ. ದನಾ ಎಷ್ಟು, ಕುರಿ ಎಷ್ಟು, ಕುರಿಗಿ ಹುಲ್ಲು ಎಲ್ಲಿ ಬಿಡಬೇಕು. ಎಲ್ಲಾ ಖರೆ ಬರದಿದ್ದ."

"ಛಲೋ ಆತಲ್ಲರಿ ಮತ್ತ."

"ಏನು ಛಲೋ ಆತು? ನಮ್ಮೂರ ಮಾತು ಹೈದರಾಬಾದಿಗಿ ಗೊತ್ತು, ವಿಲಾಯತಿಗಿ ಗೊತ್ತು. ನಮ್ಮೂರಿಗೇ ಗೊತ್ತಿಲ್ಲ. ನಮ್ಮ ಮಂದಿನ್ನ ಕೇಳಿ ಕೇಳಿನೇ ಬರ್ಕೊಂಡು ಹೋಗ್ಯಾನ. ತಿರುಗಿ ಬಂದು ಯಾರಿಗರೆ ಹೇಳ್ಯಾನೇನು? ಕನ್ನಡಿ ತಗೊಂಡು ಬಂದು ನಮ್ಮ ಮಾರಿ ತೋರಿಸ್ದಂಗ ಮಾಡಿ, ಕನ್ನಡಿ ಮಾತ್ರ ತಾನೇ ಇಟ್ಕೊಂಡ."

ನಾನು ಎತ್ತಿನ ಬಾಲ ಮುರಿದೆ. ಓದು ಬಿಟ್ಟವನ ತಲೆಯಲ್ಲೂ ಇಂಥ ಮಾತು ಉಳಿಯುತ್ತದೆ.

ತಾಂಡೂರಿನಲ್ಲಿ ಆಳೆತ್ತರದ ಒಂದು ನೀಲಿ ಫರಸಿ ಆರಿಸಿದರು. ಧಾರೂರಿನಿಂದ ಬಂದು ಖಣಿಯ ಹತ್ತಿರವೇ ನೆಲೆಸಿದ್ದ ಮುದುಕ ಕಲ್ಲುಕುಟಿಗನ ಮುಂದೆ ಅದನ್ನು ಮಲಗಿಸಿ, ಸುಣ್ಣದ ಕಡ್ಡಿಯಿಂದ ತಾವೇ ಅಕ್ಷರ ಬರೆದರು. ಮೇಲೆ ಕನ್ನಡ, ಕೆಳಗೆ ಉರ್ದು. ಮುದುಕನಿಗೆ ಎರಡೂ ಬರುತ್ತಿರಲಿಲ್ಲ.

"ಯಾರ ಸಮಾಧಿಗ್ರಿ ಇದು?" ಎಂದು ಕೇಳಿದ.

"ಯಾರೂ ಸತ್ತಿಲ್ಲ ಮಾಮಾ. ಬದುಕಿದ್ದವರ ಕಲ್ಲು."

"ಬದುಕಿದ್ದವರಿಗಿ ಕಲ್ಲು ಯಾಕರಿ? ಬಾಯಿ ಇರ್ತದಲ್ಲ?"

"ಬಾಯಿ ಅದ, ಏನು ಮಾತಾಡಬೇಕು ಅನ್ನೋದು ಗೊತ್ತಿಲ್ಲ" ಎಂದರು ರಾಯರು.

ಕಲ್ಲಿನ ಮೇಲೆ ಇದ್ದದ್ದು ಇಷ್ಟು. ಮೊದಲಿಗೆ 'ಇದು ಊರಿನದು' ಎಂಬ ಮಾತು. ಅದರ ಕೆಳಗೆ ಗಾಯರಾನದ ಸರ್ವೆ ನಂಬರು, ನಾಲ್ಕು ದಿಕ್ಕಿನ ಗಡಿ, ದಾರಿಯ ಅಗಲ, ಕೆರೆಯ ಅಂಚು, ಅಳತೆಯಾದ ವರ್ಷ. ಅದನ್ನು ಹುಲ್ಲು ಹಾಸಿ ಗಾಡಿಯಲ್ಲಿ ತಂದವನು ನಾನು. ಚಾವಡಿಯ ಮುಂದೆ ಗುಂಡಿ ತೋಡಿ ನಿಲ್ಲಿಸಿದವರು ನಾನು ಮತ್ತು ಅವರು.

ಓದು ಬರುವವರು ನಮ್ಮೂರಲ್ಲಿ ಕಡಿಮೆ. ರಾಯರ ಲೆಕ್ಕಾಚಾರವೇನೆಂದರೆ, ಓದು ಬರುವ ಒಬ್ಬ ದಾರಿಹೋಕ ನಿಂತು ಓದಿದರೂ ಸಾಕು, ಕೇಳುವವರು ಕೇಳುತ್ತಾರೆ. ಆ ಲೆಕ್ಕ ಒಂದು ಅಮವಾಸ್ಯೆಯ ತನಕ ನಡೆಯಿತು. ಯಾರೋ ಹೆಣ್ಣುಮಗಳು ಮಗುವಿಗೆ ಜ್ವರ ಇಳಿಯಲೆಂದು ಕಲ್ಲಿನ ಬುಡದಲ್ಲಿ ಒಂದು ಚಿಟಿಕೆ ಕುಂಕುಮ ಇಟ್ಟಳು. ಜ್ವರ ಇಳಿಯಿತು. ಮರುದಿನ ಎಣ್ಣೆ ಬಂತು. ಆಮೇಲೆ ಅರಿಶಿಣ, ಕಾಯಿ, ಹಸಿರು ಬಳೆ. ರಾಯರು ನಕ್ಕರು. ಬೆಳಿಗ್ಗೆ ಬಂದು ಧೋತರದ ಚುಂಗಿನಿಂದ ಒರೆಸಿದರೆ, ಸಂಜೆಗೆ ಮತ್ತೆ ಹಚ್ಚಿರುತ್ತಿದ್ದರು. ಒಂದು ದಿನ ನನ್ನ ಅವ್ವನೇ ಅವರ ಎದುರಿಗೆ ಅಡ್ಡ ನಿಂತು ತಡೆದಳು.

"ರಾಯರ, ಗಂಡಸರು ನೀವು, ಅವ್ವನ ಮೈ ಒರಸ್ತೀರಿ? ಬಿಡ್ರಿ."

"ಯಾವ ಅವ್ವ?"

"ಫರಸವ್ವ."

ಕಲ್ಲಿಗೆ ಹೆಸರೂ ಬಂದಾಗಿತ್ತು. ರಾಯರು ಆ ದಿನದಿಂದ ಒರೆಸುವುದು ಬಿಟ್ಟರು. ನನ್ನ ಗಾಡಿಯ ಮೂಕಿಯ ಮೇಲೆ ಕೂತು, "ಓದ್ರಿ ಅಂತ ಇಟ್ರ ಕೈ ಮುಗೀತಾರ" ಎಂದರು. ನಗಲಿಲ್ಲ. ವರ್ಷಗಳು ಹೋದವು. ಕಲ್ಲಿನ ಮೇಲೆ ಎಣ್ಣೆ ಕುಂಕುಮ ರೊಟ್ಟಿಯಷ್ಟು ದಪ್ಪಕ್ಕೆ ಕಟ್ಟಿತು. ಅಲ್ಲಿ ಅಕ್ಷರಗಳಿವೆ ಎಂಬುದನ್ನೇ ಊರು ಮರೆಯಿತು.

ಆಮೇಲೆ ಊರ ಕಂದಾಯ ಎತ್ತುವ ಮಾಲಿ ಪಟೇಲರು ಗಾಯರಾನಕ್ಕೆ ನೇಗಿಲು ಹೂಡಿಸಿದರು.

ಅದು ತಮ್ಮ ಅಜ್ಜನ ಪಟ್ಟಾ ಭೂಮಿ, ಇಷ್ಟು ದಿನ ಧರ್ಮಕ್ಕೆ ಬಿಟ್ಟಿದ್ದೆವು ಎಂದರು. ನಮ್ಮ ಓಣಿಯ ಎಲ್ಲ ಮನೆಗಳ ಕುರಿ ಮೇಯುತ್ತಿದ್ದದ್ದು ಅಲ್ಲಿಯೇ. ಕುರಿಗಳನ್ನು ಹಿಡಿದು ಕೊಂಡವಾಡದಲ್ಲಿ ಕೂಡಿದರು. ದಂಡ ಕಟ್ಟಿ ಬಿಡಿಸಿಕೊಂಡು ಬಂದರೆ ಮರುದಿನ ಮತ್ತೆ ಕೂಡಿಹಾಕಿದರು. ಅಣ್ಣ ಕುರಿ ಮಾರಿ ಕೂಲಿಗೆ ಹೋಗೋಣ ಎನ್ನತೊಡಗಿದ. ಕುರಿ ಹೋದರೆ ನಮ್ಮ ಓಣಿಯವರಿಗೆ ಬೇರೆ ಬದುಕಿಲ್ಲ, ಕೈಯಲ್ಲಿ ಬೇರೆ ಕಸುಬಿಲ್ಲ. ದಫ್ತರ ನೋಡಿದರೆ ಮುಗಿಯುವ ಮಾತು, ನಿಜ. ಆದರೆ ಅದಕ್ಕೆ ಎರಡು ತಿಂಗಳ ಮೊದಲೇ ಪಟವಾರಿಗಳ ಮೇಲಿನ ಅಧಿಕಾರಿ ಗಿರ್ದಾವರ ಬಂದು ತಪಾಸಣೆಗೆ ಬೇಕು ಎಂದು ಗಂಟನ್ನು ಒಯ್ದಿದ್ದ. ಅದು ತಿರುಗಿ ಬಂದಿರಲಿಲ್ಲ. ಯಾರ ಮಾತಿನಿಂದ ಒಯ್ದ ಎಂಬುದನ್ನು ನಾನು ಬರೆಯುವುದಿಲ್ಲ, ಕಣ್ಣಾರೆ ಕಂಡವನಲ್ಲ.

ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ತಹಸೀಲದಾರರು ಬಂದರು. ವಯಸ್ಸಾದ ಮುಸಲ್ಮಾನರು, ಮಾತು ಕಡಿಮೆ. ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ನಮ್ಮ ಓಣಿಯವರ ಅರ್ಜಿ ಕೇಳಿದರು.

"ಬೀದರಿನ ದೊಡ್ಡ ಕಚೇರಿಯಿಂದ ಅಸಲು ಕಾಗದದ ನಕಲು ತರಿಸಬಹುದು" ಎಂದರು ಉರ್ದುವಿನಲ್ಲಿ. "ಆದರೆ ನಂಬರು ಬೇಕು, ವರ್ಷ ಬೇಕು. ಅಲ್ಲಿ ಗುಡ್ಡದಷ್ಟು ಕಾಗದ ಇದೆ."

ರಾಯರು ಮುಂದೆ ಬಂದು ನಂಬರು ಹೇಳಿದರು, ವರ್ಷ ಹೇಳಿದರು.

ಪಟೇಲರು ನಕ್ಕರು. "ಹುಜೂರ್, ಇವರ ಬಾಯಿಗಿ ಬಂದ ನಂಬರು. ದಫ್ತರ ಕೈಯಾಗಿಲ್ಲ, ಹೊಸದು ಹುಟ್ಟಸಾಕ ಹತ್ಯಾರ. ಕುರಿಯವರು ಏನು ತಿನ್ನಸ್ಯಾರೋ ಏನೋ."

ತಹಸೀಲದಾರರು ರಾಯರನ್ನು ನೋಡಿದರು. "ಬರೆದದ್ದು ಎಲ್ಲಾದರೂ ಇದೆಯೇ? ಹಳೆಯದು?"

ನನಗೆ ಗೊತ್ತಿತ್ತು, ರಾಯರ ಕಣ್ಣು ಎಲ್ಲಿಗೆ ಹೋಗಿದೆ ಎಂದು. ಕೊನೆಗೆ ಕೈ ಎತ್ತಿ ಬೇವಿನ ಆಚೆಗೆ ತೋರಿಸಿದರು.

"ಅದು ಇವರ ದೇವರಲ್ಲವೇ?" ಎಂದರು ತಹಸೀಲದಾರರು.

"ಅದು ಕಲ್ಲು, ಹುಜೂರ್. ದೇವರು ಆಮೇಲೆ ಬಂದಳು. ಒಳಗೆ ಬರೆದದ್ದಿದೆ."

ಎಲ್ಲರೂ ಹೊರಗೆ ಬಂದೆವು. ತಹಸೀಲದಾರರು ದೂರದಲ್ಲೇ ನಿಂತು, ಬೆತ್ತದ ತುದಿಯಿಂದಲೂ ಮುಟ್ಟದೆ, ಬಗ್ಗಿ ಆ ಪದರವನ್ನು ನೋಡಿದರು. "ಇದು ನಿನ್ನೆ ಹಚ್ಚಿದ್ದಲ್ಲ, ಹತ್ತು ವರ್ಷದ ಎಣ್ಣೆ" ಎಂದರು. "ಇದರ ಕೆಳಗೆ ಅಕ್ಷರ ಇದ್ದರೆ ಅವು ಹೊಸವಾಗಿರಲು ಸಾಧ್ಯವಿಲ್ಲ. ಆದರೆ ಇದನ್ನು ತೊಳೆಯಲು ನಾನು ಹುಕುಂ ಕೊಡುವುದಿಲ್ಲ. ಇನ್ನೊಬ್ಬರ ದೇವರು. ಊರು ಒಪ್ಪಿದರೆ ತೊಳೆಯಿರಿ."

ಊರು ಒಪ್ಪಲಿಲ್ಲ. ಪಟೇಲರ ಕಡೆಯವರು ಒಪ್ಪಲಿಲ್ಲ ಎಂದರೆ ಅರ್ಥವಿದೆ. ನಮ್ಮ ಓಣಿಯವರೂ ಒಪ್ಪಲಿಲ್ಲ. ಹೆಂಗಸರು ಕಲ್ಲನ್ನು ಸುತ್ತುವರಿದು ನಿಂತರು. ಮುಂದೆ ನನ್ನ ಅವ್ವ.

"ಕುರಿ ಹೋದ್ರ ಹೋಗಲಿ. ಅವ್ವನ ಮೈ ಮುಟ್ಟಬ್ಯಾಡ್ರಿ."

"ಯವ್ವಾ, ಕುರಿ ಹೋದ್ರ ಅವ್ವಗ ಎಣ್ಣಿ ಯಾರು ಹಾಕ್ತಾರ?" ಎಂದೆ ನಾನು.

"ನೀ ಸುಮ್ಮಿರು, ಗಾಡಿ ಹೊಡ್ಯಾವ."

ರಾಯರು ಯಾರೊಂದಿಗೂ ವಾದ ಮಾಡಲಿಲ್ಲ. ಅಂಗಿ ಕಳಚಿ ಕಟ್ಟೆಯ ಮೇಲಿಟ್ಟರು. ಹತ್ತಿರದ ಮನೆಯ ಒಲೆಯಿಂದ ಬೂದಿ, ತೆಂಗಿನ ನಾರು ತಂದರು. ಹೆಂಗಸರ ನಡುವೆ ದಾರಿ ಕೇಳುತ್ತ ಹೋದರು. "ಸ್ವಲ್ಪ ಸರೀರಿ ಯವ್ವಾ. ಸ್ವಲ್ಪ ಸರೀರಿ." ಬ್ರಾಹ್ಮಣರನ್ನು ಹೇಗೆ ಮುಟ್ಟಿ ತಡೆಯುವುದು? ಹೆಂಗಸರು ಸರಿದರು, ಶಪಿಸುತ್ತ ಸರಿದರು.

"ನಿನ್ನ ಕೈ ಸೇದಿಹೋಗ್ಲಿ!"

"ಹೋಗ್ಲಿ ತಾಯಿ, ಇದಿಷ್ಟು ತಿಕ್ಕಿದ ಮ್ಯಾಲ ಹೋಗ್ಲಿ" ಎಂದರು ಅವರು. ಕಲ್ಲಿಗೆ ಕೈ ಮುಗಿದರು. ಆಮೇಲೆ ತಿಕ್ಕತೊಡಗಿದರು.

ನೀರು ಹಾಕುವವರಿರಲಿಲ್ಲ. ಬಾವಿಯಿಂದ ಕೊಡ ತಂದು ನಾನು ಹಾಕಿದೆ. ಇಡೀ ಊರು ನೋಡುತ್ತಿತ್ತು, ನಾವಿಬ್ಬರೇ ಇದ್ದೆವು. ಕುಂಕುಮದ ನೀರು ಅವರ ಮೊಣಕೈಯಿಂದ ಇಳಿದು ಜನಿವಾರ, ಧೋತರವೆಲ್ಲ ಕೆಂಪಾಯಿತು. ಮೇಲಿನ ಪದರ ಹೋಗುತ್ತ ಬಂತು, ಆದರೆ ಉಳಿ ಕೊರೆದ ಗೆರೆಗಳ ಒಳಗೆ ಸೇರಿದ್ದ ಕುಂಕುಮ ಹೋಗಲಿಲ್ಲ. ನೀಲಿ ಕಲ್ಲಿನ ಮೇಲೆ ಅಕ್ಷರಗಳು ಒಂದೊಂದಾಗಿ ಕೆಂಪಗೆ ಎದ್ದು ನಿಂತವು. ಯಾರೋ ಅವತ್ತೇ ಬಣ್ಣ ತುಂಬಿದ ಹಾಗೆ. ತಹಸೀಲದಾರರು ಉರ್ದುವಿನ ಸಾಲುಗಳನ್ನು ತಾವೇ ಗಟ್ಟಿಯಾಗಿ ಓದಿ, ಮುನ್ಶಿಗೆ ನಂಬರು ಬರೆದುಕೊಳ್ಳಲು ಹೇಳಿದರು. ಪಟೇಲರು ಓದು ಶುರುವಾಗುವ ಮೊದಲೇ ಮನೆಗೆ ಹೋಗಿದ್ದರು.

ಮಳೆಗಾಲಕ್ಕೆ ಮುಂಚೆ ಬೀದರಿನಿಂದ ನಕಲು ಬಂತು. ಕಲ್ಲು ಹೇಳಿದ್ದೂ ಕಾಗದ ಹೇಳಿದ್ದೂ ಒಂದೇ. ನೇಗಿಲು ಹೊರಗೆ ಬಂದವು, ಕುರಿ ಒಳಗೆ ಹೋದವು.

ಇಷ್ಟಾದರೆ ಊರು ಅವರನ್ನು ಹೊತ್ತು ಮೆರೆಸಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಆ ಮಳೆಗಾಲದಲ್ಲಿ ಕುರಿಗಳಿಗೆ ಬಾಯಿಬೇನೆ ಬಂತು. ವರ್ಷ ಬಿಟ್ಟು ವರ್ಷ ಬರುವ ಬೇನೆಯೇ. ಆದರೆ ಆ ವರ್ಷ ಅದಕ್ಕೆ ಒಂದು ಕಾರಣ ಸಿಕ್ಕಿತ್ತು. ಫರಸವ್ವನಿಗೆ ಶಾಂತಿ ಮಾಡಿಸಿ, ಮೊದಲಿಗಿಂತ ದಪ್ಪಕ್ಕೆ ಎಣ್ಣೆ ಕುಂಕುಮ ಏರಿಸಿದರು. ರಾಯರು ಕಾಣಿಸಿದರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಕ್ಷೌರಿಕ ಇವತ್ತು ನಾಳೆ ಎಂದು ವಾರಗಟ್ಟಲೆ ಬರುತ್ತಿರಲಿಲ್ಲ. ಪಕ್ಕದೂರುಗಳ ಪಟವಾರಿಗಳು ಮೊದಲೇ ಮಾತು ಬಿಟ್ಟಿದ್ದರು. ನನ್ನ ಅವ್ವ ಸಾಯುವ ತನಕ ನನ್ನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಅಣ್ಣ ಕುರಿ ಪಾಲು ಮಾಡಿ ಬೇರೆ ಒಲೆ ಹೂಡಿದ. ನಾನು ದುಡಿಯುವವನು, ಯಾರ ಅನ್ನವೂ ನನಗೆ ಬೇಕಿರಲಿಲ್ಲ. ಆದರೂ ತಾಂಡೂರಿನಿಂದ ಬಂದು ಎತ್ತು ಬಿಚ್ಚಿದಾಗ ಹೆಂಡತಿ ಮಕ್ಕಳಲ್ಲದೆ ಓಣಿಯವರು ಯಾರಾದರೂ ಬಂದೆಯಾ ಎಂದು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು.

ದಫ್ತರ ತಿರುಗಿ ಬಂದ ಮೇಲೂ ರಾಯರು ದಸರೆಗೆ ಕಟ್ಟೆಗೆ ಬಂದು ಓದಿದರು. ಕಿವುಡು ಮುದುಕಿಯೂ ಅಷ್ಟರಲ್ಲಿ ತೀರಿದ್ದಳು. ನಾನಿದ್ದರೆ ನಾನು ಕೂರುತ್ತಿದ್ದೆ. ನಾನಿಲ್ಲದ ವರ್ಷ ಯಾರಿಗೆ ಓದಿದರೋ ತಿಳಿಯದು. ಕೊನೆಗೆ ಪಟವಾರಿಕೆಯನ್ನು ದಾಯಾದಿಗೆ ಬಿಟ್ಟುಕೊಟ್ಟು ಜಹೀರಾಬಾದಿಗೆ ಹೋದರು. ಹೋಗುವಾಗ ಸಾಮಾನು ಹೇರಿದ್ದು ನನ್ನ ಗಾಡಿಯಲ್ಲಿ. ಊರು ದಾಟುವ ತನಕ ಬಾಗಿಲುಗಳು ಮುಚ್ಚಿದ್ದವು. ದಾಯಾದಿ ಆ ಗಂಟನ್ನು ಅಟ್ಟದ ಮೇಲೆ ಏರಿಸಿದ.

ಸ್ಟೇಶನ್ನಿನಿಂದ ಪಸ್ತಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಖೋಲಿ ಹಿಡಿದಿದ್ದರು. ಅರ್ಜಿ ಬರೆದುಕೊಟ್ಟು ರೊಟ್ಟಿಗಷ್ಟು ಮಾಡಿಕೊಳ್ಳುತ್ತಿದ್ದರು. ಉಳಿದ ಹೊತ್ತಿನಲ್ಲಿ, ಸರಕಾರ ಹೊರಡಿಸುವ ಜಾಹೀರು ಕಾಗದಗಳನ್ನು ಎಲ್ಲಿಂದಲೋ ತಂದು ಕನ್ನಡ ಮಾಡಿ, ದೊಡ್ಡ ಅಕ್ಷರದಲ್ಲಿ ಬರೆದು, ಅಂಬಲಿ ಹಚ್ಚಿ ಹೊರಗೋಡೆಗೆ ಅಂಟಿಸುತ್ತಿದ್ದರು. ಯಾವ ಊರಲ್ಲಿ ಬಾವಿ ತೋಡಿಸುತ್ತಾರೆ, ಎಲ್ಲಿ ಕಂದಾಯ ಮಾಫಿಯಾಗಿದೆ, ಪಟವಾರಿ ಏನನ್ನು ಕೇಳುವಂತಿಲ್ಲ, ಇಂಥವು. ಒಮ್ಮೆ ನಾನು ಹೋದಾಗ ಎರಡು ಆಡು ಹಿಂಗಾಲ ಮೇಲೆ ನಿಂತು ಆ ಕಾಗದಗಳನ್ನು ಅಂಬಲಿಯ ಆಸೆಗೆ ಕಿತ್ತು ತಿನ್ನುತ್ತಿದ್ದವು. ನಾನು ಓಡಿಸಲು ಕಲ್ಲು ಎತ್ತಿದೆ.

"ಬಿಡೋ" ಎಂದರು ರಾಯರು ಹೊಸ್ತಿಲಲ್ಲಿ ಕೂತು. "ಇಷ್ಟು ಹತ್ತಿರ ಬಂದು ಓದೋವು ಅವೇ."

ಕಡೆಯ ಭೇಟಿ ಹೋದ ವರ್ಷ. ಕಣ್ಣು ಮಂಜಾಗಿತ್ತು. ನಾನು ನಾರಾಯಣಖೇಡದ ಸಂತೆಯಿಂದ ತಂದ ಕಂಬಳಿಯನ್ನು ಕಾಲ ಮೇಲೆ ಹೊದಿಸಿದೆ. ಅದನ್ನು ಮುಟ್ಟಿ ನೋಡಿ, "ನಮ್ಮೂರ ಉಣ್ಣಿ ಏನೋ?" ಎಂದರು.

"ಇರಬಹುದರಿ."

"ಕುರಿ ಅಲ್ಲೇ ಮೇಯ್ತಾವೇನು?"

"ಅಲ್ಲೇ ಮೇಯ್ತಾವರಿ."

"ಅದು ಯಾರ ಜಾಗಾ ಅಂತ ಗೊತ್ತದೇನು ಅವರಿಗಿ?"

"ಕುರಿಗಿ ಯಾಕ ಬೇಕರಿ?"

"ಕುರಿಗಲ್ಲೋ ಹುಚ್ಚಾ. ಮಂದಿಗಿ."

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. "ಫರಸವ್ವ ಕೊಟ್ಟಾಳ ಅಂತಾರರಿ. ಪಟೇಲಗ ಕನಸಿನ್ಯಾಗ ಬಂದು ಅಂಜಿಸಿ ಬಿಡಿಸ್ಯಾಳ ಅಂತ ಹಾಡೂ ಕಟ್ಟ್ಯಾರ."

ಅವರ ಭುಜ ಕುಣಿಯತೊಡಗಿದವು. ಬಹಳ ಹೊತ್ತು ಕುಣಿದವು. ಕಂಬಳಿ ಜಾರಿ ಕೆಳಗೆ ಬಿತ್ತು. ನಗುತ್ತಿದ್ದಾರೆ ಎಂದುಕೊಂಡೇ ನಾನು ಅದನ್ನು ಎತ್ತಿ ಹೊದಿಸಿದೆ. ಮುಖ ನೋಡಲಿಲ್ಲ.

ಅವರು ಸತ್ತ ಸುದ್ದಿಯನ್ನು ಊರಿಗೆ ತಂದು ಹೇಳಿದೆ. "ಹೌದಾ?" ಎಂದರು ಒಬ್ಬಿಬ್ಬರು. ದಾಯಾದಿ ಸ್ನಾನ ಮಾಡಿದ.

ಹೋದ ತಿಂಗಳು ದನಗಣತಿಯವನು ಬಂದಿದ್ದ. ಎಳೆ ಹುಡುಗ, ಹೊಸ ಟೋಪಿ. ನನ್ನ ಅಂಗಳದಲ್ಲಿ ನಿಂತು ಎತ್ತೆಷ್ಟು ಕುರಿಯೆಷ್ಟು ಎಂದು ಕೇಳಿ ಬರೆದುಕೊಂಡ.

"ಇದನ್ನ ಏನು ಮಾಡ್ತೀರಿ ಸಾಬ್?" ಎಂದೆ.

"ಮ್ಯಾಲ ಕಳಸ್ತೀವಿ."

"ಕೆಳಗ ಯಾವಾಗ ಬರ್ತದ?"

ಆತ ನನ್ನನ್ನು ನೋಡಿದ. "ಕೆಳಗ ಯಾಕ ಬರ್ಬೇಕು? ನಿಮ್ಮ ಕುರಿ ನಿಮಗ ಗೊತ್ತಿಲ್ಲೇನು?"

"ನಂದು ಗೊತ್ತದ. ಊರಂದು ಗೊತ್ತಿಲ್ಲ. ಎಲ್ಲಾರ್ದೂ ಬರ್ಕೊಂಡು ಆದ ಮ್ಯಾಲ ಚಾವಡಿ ಮುಂದ ನಿಂತು ಒಂದಿಷ್ಟು ಓದಿ ಹೋಗ್ರಿ."

"ಯಾರು ಕೇಳ್ತಾರ?"

"ನಾ ಕೇಳ್ತೀನಿ" ಎಂದೆ. "ಬರೇ ನಾ ಇದ್ರೂ ಓದ್ರಿ."

ಆತ ನಕ್ಕು ಮುಂದಿನ ಮನೆಗೆ ಹೋದ. ಸಂಜೆ ಚಾವಡಿಯ ಮುಂದೆ ಹೋಗಿ ಕೂತೆ. ಆತ ರಾಯಿಕೋಡಿನ ಗಾಡಿ ಹತ್ತಿ ಹೋಗಿಯಾಗಿತ್ತು. ಊರಿನದು ನನ್ನ ಕೈಯಲ್ಲಿಲ್ಲ. ನನ್ನದನ್ನು ಇಲ್ಲಿ ಬರೆಯುತ್ತೇನೆ, ಬೇಕಾದವರು ಓದಿಕೊಳ್ಳಲಿ.

ಎತ್ತು ಎರಡು. ಗಾಡಿ ಒಂದು. ಕುರಿ ಮೂವತ್ತಾರು, ಮೇಯುವುದು ಗಾಯರಾನದಲ್ಲಿ. ಪಟ್ಟಾ ಭೂಮಿ ಇಲ್ಲ. ಎರಡು ಅಂಕಣದ ಮನೆ. ಹೆಣ್ಣುಮಕ್ಕಳು ಇಬ್ಬರು, ಗಂಡನ ಮನೆಯಲ್ಲಿದ್ದಾರೆ. ಹೆಂಡತಿ ತೀರಿ ನಾಲ್ಕು ವರ್ಷ. ಸ್ನೇಹಿತರು ಇಲ್ಲ.